ಮಿನಿಡಿಸ್ಕ್ ಪ್ಲೇಯರಿಗೆ ಎಚ್‌ಡಿ 600 ಹಾಕಿದರೆ ಸದ್ದೇ ಸಾಲದು, ಆಂಪ್ ತಗೋಬೇಕಾ?

ಒಂಟಿಕೊಪ್ಪಲ್ ಹುಡುಗ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪ ಜಪಾನಿನಲ್ಲಿ ಕೆಲಸದಲ್ಲಿದ್ದಾಗ ತಂದಿದ್ದ ಸೋನಿ ಮಿನಿಡಿಸ್ಕ್ ಪ್ಲೇಯರ್ (ಪ್ಲಾಸ್ಟಿಕ್ ಡಬ್ಬಿಯೊಳಗಿನ ಪುಟ್ಟ ಡಿಸ್ಕಿನಿಂದ ಹಾಡು ನುಡಿಸುವ ಯಂತ್ರ) ಅಟ್ಟದ ಮೇಲೆ ಸಿಕ್ಕಿತು. ಎಂಝಡ್-ಇ ಸರಣಿಯದು, ಬರೀ ಪ್ಲೇ ಆಗುತ್ತದೆ, ರೆಕಾರ್ಡ್ ಇಲ್ಲ. ಜೊತೆಗೆ ಒಂದು ಬಿಸ್ಕತ್ ಡಬ್ಬಿ ತುಂಬ ಡಿಸ್ಕ್, ಅರ್ಧಕ್ಕರ್ಧ ಕರ್ನಾಟಕ ಸಂಗೀತ, ಉಳಿದದ್ದು ಹಳೇ ಸಿನಿಮಾ ಹಾಡು. ಡಬಲ್ ಎ ಸೆಲ್ ಹಾಕುವ ಪಕ್ಕದ ಡಬ್ಬಿಯೂ ಇದೆ, ಓಡುತ್ತಿದೆ.

ನನ್ನ ಹತ್ತಿರ ಇರುವುದು ಎರಡು. ಒಂದು ಸೆನ್‌ಹೈಸರ್ ಎಚ್‌ಡಿ 600, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇನ್ನೊಂದು ಮೂನ್‌ಡ್ರಾಪ್ ಚು ಇಯರ್‌ಫೋನ್. ಎಚ್‌ಡಿ 600 ಹಾಕಿದರೆ ವಾಲ್ಯೂಮ್ ಪೂರ್ತಿ ಇಟ್ಟರೂ ಪಕ್ಕದ ಮನೆಯಲ್ಲಿ ಹಾಡುತ್ತಿದ್ದಾರೇನೋ ಅನ್ನಿಸುತ್ತದೆ. ಚು ಹಾಕಿದರೆ ಸದ್ದು ಬೇಕಾದಷ್ಟು ಇದೆ, ಆದರೆ ಆಲಾಪನೆ ಮೆಲ್ಲಗಾದ ಕಡೆ ಹಿಂದೆ ಸುಯ್ ಅಂತ ಒಂದು ಸದ್ದು ಕೇಳುತ್ತಲೇ ಇರುತ್ತದೆ. ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದೆ, ಫೋನಿಗೆ ಹೆಡ್‌ಫೋನ್ ಸಿಕ್ಕಿಸುವ ಯುಎಸ್‌ಬಿ ಡಾಂಗಲ್ ತೋರಿಸಿದರು. ಅದು ಆಗುತ್ತದಾ? ಅಥವಾ ಬೇರೆ ಆಂಪ್ (ಸದ್ದು ಏರಿಸುವ ಆಂಪ್ಲಿಫೈಯರ್) ತಗೋಬೇಕಾ? ಬಜೆಟ್ ಹೆಚ್ಚೆಂದರೆ ಐದು ಸಾವಿರ.

ಸುಮ್ನೆ ಕೇಳ್ದೆ

ಫೋನಲ್ಲಿ ಎಲ್ಲ ಹಾಡೂ ಇದೆಯಲ್ಲ ಗುರು, ಈ ಕಾಲದಲ್ಲಿ ಮಿನಿಡಿಸ್ಕ್ ಯಾಕೆ? ಜಗಳಕ್ಕಲ್ಲ, ಸುಮ್ನೆ ಕೇಳ್ದೆ.

ಡಿಸ್ಕ್ ಮಾವ (ಸರಸ್ವತಿಪುರಂ)

ಫೋನಿಗೆ ಹೆಡ್‌ಫೋನ್ ತೂತೇ ಇಲ್ಲವಲ್ಲಪ್ಪ ಈಗ. ಮುಂದಕ್ಕೆ ಹೋಗೋಣ.

ಬೆಸುಗೆ (ಮಂಡ್ಯ)

ಮೊದಲು ಆ ಡಾಂಗಲ್ ವಿಷಯ ಮುಗಿಸೋಣ. ತಗೋಬೇಡಿ. ಡಾಂಗಲ್‌ಗೆ ಫೋನು ಅಥವಾ ಕಂಪ್ಯೂಟರಿನಿಂದ ಡಿಜಿಟಲ್ ಡೇಟಾ ಬರಬೇಕು. ನಿಮ್ಮ ಪ್ಲೇಯರಿನಿಂದ ಹೊರಗೆ ಬರುವುದು ಅನಲಾಗ್ ಮಾತ್ರ, ಅದೂ ಆ ಒಂದೇ 3.5 ಜಾಕಿನಿಂದ. ಡಾಂಗಲ್ ಒಳಗೆ ಆಂಪ್ ಇರುತ್ತದೆ ನಿಜ, ಆದರೆ ಅದಕ್ಕೆ ಅನಲಾಗ್ ಒಳಗೆ ಬರುವ ದಾರಿಯೇ ಇಲ್ಲ. ಈಗಿನ ಬ್ಲೂಟೂತ್ ಆಂಪ್‌ಗಳಲ್ಲೂ ಮುಕ್ಕಾಲುಪಾಲಿನದ್ದು ಇದೇ ಕಥೆ. ಅಂಗಡಿಯವರನ್ನು ಬೈಯಬೇಡಿ, ಅವರ ಹತ್ತಿರ ಬರುವ ನೂರು ಜನಕ್ಕೂ ಫೋನಿಗೇ ಬೇಕಿರುತ್ತದೆ. ನೀವು ಕೇಳಬೇಕಾದದ್ದು 3.5 ಇನ್‌ಪುಟ್ ಇರುವ, ತನ್ನದೇ ಬ್ಯಾಟರಿ ಇರುವ ಆಂಪ್.

ಅದಕ್ಕೂ ಮೊದಲು ಒಂದು ನೋಡಿ. ಪ್ಲೇಯರಲ್ಲೋ ರಿಮೋಟಲ್ಲೋ ಎವಿಎಲ್‌ಎಸ್ ಅಂತ ಒಂದು ಸ್ವಿಚ್ ಅಥವಾ ಮೆನು ಇರುತ್ತದೆ. ಸೋನಿಯವರು ಕಿವಿ ಕಾಪಾಡೋಕೆ ಇಟ್ಟಿರುವ ವಾಲ್ಯೂಮ್ ಮಿತಿ ಅದು. ಆನ್ ಇದ್ದರೆ ಆಫ್ ಮಾಡಿ. ಮೆಗಾ ಬಾಸ್ ಕೂಡ ಆಫ್ ಇಡಿ. ಅದು ಆನ್ ಇದ್ದು ವಾಲ್ಯೂಮ್ ಪೂರ್ತಿ ಏರಿಸಿದರೆ ಮೃದಂಗದ ತೊಪ್ಪಿ ಹೊಡೆದಾಗಲೆಲ್ಲ ಹಾಡುಗಾರರ ಗಂಟಲು ಕಟ್ಟಿದ ಹಾಗೆ ಆಗುತ್ತದೆ.

ಒಂಟಿಕೊಪ್ಪಲ್ ಹುಡುಗ (ಮೈಸೂರು)

ಎವಿಎಲ್‌ಎಸ್ ಆನ್ ಇತ್ತು ಸರ್! ಚಿಕ್ಕಪ್ಪ ಹಾಕಿಟ್ಟಿದ್ದರು ಅನ್ನಿಸುತ್ತದೆ. ಆಫ್ ಮಾಡಿದ ಮೇಲೆ ಎಚ್‌ಡಿ 600 ಸುಮಾರಾಗಿ ಕೇಳುತ್ತಿದೆ, ಆದರೂ ಸಾಲದು. ರಾತ್ರಿ ಎಲ್ಲ ಮಲಗಿದ ಮೇಲೆ ಪರವಾಗಿಲ್ಲ, ಹಗಲು ಫ್ಯಾನ್ ಹಾಕಿದರೆ ಮುಗಿಯಿತು. ಇದಕ್ಕೆ ಕಾರಣ ಎಚ್‌ಡಿ 600ರ 300 ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ಅಲ್ವಾ? ಅಂದರೆ 32 ಓಮಿನದ್ದು ಯಾವುದು ತಗೊಂಡರೂ ಆಂಪ್ ಬೇಡ ಅಂತಲಾ?

ಬೆಸುಗೆ (ಮಂಡ್ಯ)

ಓಮ್ ಒಂದನ್ನೇ ಹಿಡಿದುಕೊಂಡರೆ ದಾರಿ ತಪ್ಪುತ್ತೀರಿ. ಸ್ವಲ್ಪ ಲೆಕ್ಕ ಹಾಕೋಣ, ಹೈಸ್ಕೂಲಿನ ಓಮನ ನಿಯಮ ಸಾಕು.

ಆ ಕಾಲದ ಎಷ್ಟೋ ಸೋನಿ ಪೋರ್ಟಬಲ್ ಮಿನಿಡಿಸ್ಕ್‌ಗಳ ಕೈಪಿಡಿಯಲ್ಲಿ ಹೆಡ್‌ಫೋನ್ ಔಟ್‌ಪುಟ್ 16 ಓಮಿಗೆ 5 ಮಿಲಿವ್ಯಾಟ್ ಅಂತ ಇರುತ್ತದೆ, ಒಂದೊಂದು ಕಿವಿಗೆ. ಅದನ್ನು ವೋಲ್ಟಿಗೆ ತಿರುಗಿಸಿದರೆ ಸುಮಾರು 0.28 ವೋಲ್ಟ್. ಒಂದೇ ಒಂದು 1.2 ಅಥವಾ 1.5 ವೋಲ್ಟಿನ ಸೆಲ್ ಮೇಲೆ ಗಂಟೆಗಟ್ಟಲೆ ಓಡಬೇಕಾದ ಯಂತ್ರ ಅದು, ಇಷ್ಟೇ ಕೊಡುತ್ತದೆ. ನೀವು ಯಾವ ಹೆಡ್‌ಫೋನ್ ಹಾಕಿದರೂ ಅದಕ್ಕೆ ಸಿಗುವುದು ಹತ್ತಿರಹತ್ತಿರ ಈ 0.28 ವೋಲ್ಟೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ವೋಲ್ಟಿಗೆ ಈ ಹೆಡ್‌ಫೋನ್ ಎಷ್ಟು ಜೋರಾಗಿ ಹಾಡುತ್ತದೆ?

ಎಚ್‌ಡಿ 600 ಒಂದು ವೋಲ್ಟಿಗೆ 97 ಡೆಸಿಬಲ್. 0.28ಕ್ಕೆ ಇಳಿಸಿದರೆ 86. ಅಷ್ಟು ಸಾಕಲ್ಲ ಅನ್ನಬಹುದು, ಆದರೆ ಅದು ಹಾಡಿನ ಅತಿ ಜೋರಾದ ಕ್ಷಣಕ್ಕೆ ಸಿಗುವ ಮೇಲಿನ ಮಿತಿ. ಕಚೇರಿ ರೆಕಾರ್ಡಿಂಗ್‌ನಲ್ಲಿ ಸರಾಸರಿ ಸದ್ದು ಅದಕ್ಕಿಂತ ಹದಿನೈದು ಇಪ್ಪತ್ತು ಡೆಸಿಬಲ್ ಕೆಳಗೇ ಓಡುತ್ತಿರುತ್ತದೆ. ಅಂದರೆ ನಿಮಗೆ ಕೇಳುತ್ತಿರುವುದು ಇಬ್ಬರು ಕೂತು ಮಾತಾಡುವಷ್ಟು ಸದ್ದು. ಫ್ಯಾನ್ ಹಾಕಿದರೆ ಮುಗಿಯಿತು ಅಂದಿರಲ್ಲ, ಅದು ಇದೇ.

ಈಗ 70 ಓಮಿನ ಸೆನ್‌ಹೈಸರ್ ಎಚ್‌ಡಿ 25 ನೋಡಿ. ಒಂದು ವೋಲ್ಟಿಗೆ 120 ಡೆಸಿಬಲ್. ನಿಮ್ಮ ಪ್ಲೇಯರಿನಲ್ಲೇ 109ಕ್ಕೆ ಹೋಗುತ್ತದೆ, ಕಿವಿ ಕಿತ್ತುಬರುತ್ತದೆ. ಕಾಸ್ ಪೋರ್ಟಾ ಪ್ರೊ 60 ಓಮ್, ಅದು 102ರ ಹತ್ತಿರ. ಸೋನಿ ಎಂಡಿಆರ್-7506 63 ಓಮ್, 107. ಆಮೇಲೆ ಫಾಸ್ಟೆಕ್ಸ್ ಟಿ50ಆರ್‌ಪಿ, ಬರೀ 50 ಓಮ್, ಇವೆಲ್ಲಕ್ಕಿಂತ ಕಡಿಮೆ, ಆದರೆ 94 ದಾಟುವುದಿಲ್ಲ, ಅದರ ಪ್ಲೇನಾರ್ ಡ್ರೈವರಿಗೆ (ಸದ್ದು ಹೊರಡಿಸುವ ಚಪ್ಪಟೆ ಹಾಳೆಗೆ) ಶಕ್ತಿ ಜಾಸ್ತಿ ಬೇಕು. 62 ಓಮಿನ ಎಕೆಜಿ ಕೆ701 ಕೂಡ ಅಲ್ಲೇ ಸುತ್ತಮುತ್ತ. ಓಮ್ ಕಡಿಮೆ ಇದ್ದರೆ ಆಂಪ್ ಬೇಡ ಅನ್ನುವವರಿಗೆ ಈ ಎರಡನ್ನು ತೋರಿಸಿ.

ಡಿಸ್ಕ್ ಮಾವ (ಸರಸ್ವತಿಪುರಂ)

ಲೆಕ್ಕ ಸರಿಯಾಗಿದೆ, ನಾನು ಬರುವುದು ಬೇರೆ ಕಡೆಯಿಂದ. ಮಿನಿಡಿಸ್ಕ್ ಪೋರ್ಟಬಲ್ ಅನ್ನುವುದು ಅಂಗಿ ಜೇಬಿಗೆ ಹೋಗಲಿ ಅಂತ ಮಾಡಿದ ವಸ್ತು. 1992ರ ಕೊನೆಗೆ ಸೋನಿ ತಂದ ಮೊದಲ ಎಂಝಡ್-1 ಇಟ್ಟಿಗೆಯ ಹಾಗಿತ್ತು, ಅಲ್ಲಿಂದ ಹತ್ತು ವರ್ಷದಲ್ಲಿ ಡಿಸ್ಕಿನ ಡಬ್ಬಿಗಿಂತ ಸ್ವಲ್ಪವೇ ದೊಡ್ಡದು ಅನ್ನುವ ಮಟ್ಟಕ್ಕೆ ಇಳಿಸಿದರು. ಅಷ್ಟು ಕಷ್ಟಪಟ್ಟು ತೆಳ್ಳಗೆ ಮಾಡಿದ್ದಕ್ಕೆ ನೀವು ರಬ್ಬರ್ ಬ್ಯಾಂಡ್ ಹಾಕಿ ಅಷ್ಟೇ ದಪ್ಪದ ಆಂಪ್ ಕಟ್ಟಿದರೆ ಏನು ಸುಖ? ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ಜೇಬಲ್ಲಿ ಎರಡು ಯಂತ್ರ, ನಡುವೆ ಒಂದು ವೈರು, ಕಿವಿ ಮೇಲೆ ಎಚ್‌ಡಿ 600. ಅದು ಓಪನ್ ಹೆಡ್‌ಫೋನ್, ಹಕ್ಕಿ ಸದ್ದು ಒಳಗೆ, ನಿಮ್ಮ ತನಿ ಆವರ್ತನ ಹೊರಗೆ.

ನನ್ನ ಸಲಹೆ ಕೇಳಿದರೆ ಎಚ್‌ಡಿ 600 ಮನೆಯಲ್ಲಿ ಬಿಡಿ. ಹೊರಗೆ ಪೋರ್ಟಾ ಪ್ರೊ ತಗೊಂಡು ಹೋಗಿ. 1984ರಿಂದ ಅದೇ ರೂಪದಲ್ಲಿ ಬರುತ್ತಿದೆ, ಮಿನಿಡಿಸ್ಕಿಗೇ ಹೇಳಿ ಮಾಡಿಸಿದ ಹಾಗಿದೆ. ಬಾಸ್ ಸ್ವಲ್ಪ ಜಾಸ್ತಿ, ಆದರೆ ಈ ಪ್ಲೇಯರುಗಳು ತೆಳುವಾಗಿ ಹಾಡುವುದಕ್ಕೆ ಅದೇ ಸರಿ. ಬಸ್ಸಿನಲ್ಲಿ ಓಡಾಡುವವರಾದರೆ ಎಚ್‌ಡಿ 25, ಹೊರಗಿನ ಸದ್ದು ತಡೆಯುತ್ತದೆ. ಗಟ್ಟಿಯಾಗಿ ತಲೆ ಹಿಡಿಯುತ್ತದೆ ಅಂತ ಬೈಯುವವರಿದ್ದಾರೆ, ನನಗೂ ಒಂದು ಗಂಟೆ ಆದ ಮೇಲೆ ಕಿವಿ ನೋಯುತ್ತದೆ.

ಇನ್ನೊಂದು. ಯುರೋಪಿಗೆ ಅಂತ ಮಾಡಿದ ಪ್ಲೇಯರುಗಳಲ್ಲಿ ಔಟ್‌ಪುಟ್ ಇನ್ನೂ ಕಡಿಮೆ. ಫ್ರಾನ್ಸಿನಲ್ಲಿ ಪೋರ್ಟಬಲ್ ಪ್ಲೇಯರ್ 100 ಡೆಸಿಬಲ್ ದಾಟಬಾರದು ಅಂತ ಕಾನೂನು ಬಂದ ಮೇಲೆ ಹೀಗಾಯಿತು. ಆನ್‌ಲೈನಲ್ಲಿ ಹಳೇದು ಕೊಳ್ಳುವವರು ಯಾವ ದೇಶದ್ದು ಅಂತ ಕೇಳಿ ಕೊಳ್ಳಿ. ಇವರದು ಜಪಾನಿನದು, ಆ ಚಿಂತೆ ಇಲ್ಲ.

ತಂಬೂರಿ ತಂತಿ (ಮೈಸೂರು)

ಸ್ವಲ್ಪ ಬೇರೆ ಬಳಕೆ ನನ್ನದು, ಕೆಲವರಿಗೆ ಉಪಯೋಗ ಆಗಬಹುದು. ನಾನು ಎಂಝಡ್-ಎನ್‌ಎಚ್1 ಇಟ್ಟುಕೊಂಡಿದ್ದೇನೆ, ಹೈ-ಎಂಡಿ ಅಂದರೆ ಮಿನಿಡಿಸ್ಕಿನ ಮುಂದಿನ ತಲೆಮಾರಿನ ಯಂತ್ರ. ನಮ್ಮ ಗುರುಗಳ ಪಾಠ, ಅವರು ಒಪ್ಪಿದರೆ ಮನೆ ಕಚೇರಿ, ಎಲ್ಲ ಅದರಲ್ಲೇ ರೆಕಾರ್ಡ್ ಮಾಡುವುದು. ಒಂದು ಜಿಬಿ ಡಿಸ್ಕಿನಲ್ಲಿ ಪಿಸಿಎಂ (ಕಂಪ್ರೆಸ್ ಮಾಡದ ಸದ್ದು) ಇಟ್ಟರೆ 94 ನಿಮಿಷ ಹಿಡಿಯುತ್ತದೆ, ಒಂದು ಕಚೇರಿಯ ಮುಖ್ಯ ಭಾಗಕ್ಕೆ ಸಾಕು. ಹಳೇ 80 ನಿಮಿಷದ ಡಿಸ್ಕನ್ನೇ ಹೈ-ಎಂಡಿ ಮಾಡಿದರೆ ಪಿಸಿಎಂ 28 ನಿಮಿಷ ಮಾತ್ರ, ಒಂದು ವರ್ಣ ಒಂದು ಕೃತಿ ಮುಗಿಯುವಷ್ಟರಲ್ಲಿ ಖಾಲಿ.

ಈ ಯಂತ್ರದ ಮೆನುವಿನಲ್ಲಿ ಆಡಿಯೋ ಔಟ್ ಅಂತ ಇದೆ, ಹೆಡ್‌ಫೋನ್ ಅಥವಾ ಲೈನ್ ಔಟ್. ಮನೆಯಲ್ಲಿ ಆಂಪಿಗೆ ಹಾಕುವಾಗ ಲೈನ್ ಔಟ್ ಮಾಡಿಕೊಳ್ಳುತ್ತೇನೆ. ಆಗ ವಾಲ್ಯೂಮ್ ಗುಂಡಿ, ಈಕ್ವಲೈಸರ್ ಎರಡೂ ಕೆಲಸ ಮಾಡುವುದಿಲ್ಲ, ಸದ್ದೆಲ್ಲ ಆಂಪಿನಲ್ಲೇ ನೋಡಿಕೊಳ್ಳಬೇಕು. ದಯವಿಟ್ಟು ಇದನ್ನು ನೆನಪಿಡಿ: ಲೈನ್ ಔಟ್ ಇಟ್ಟು ಮರೆತು, ಮಾರನೇ ದಿನ ಅದೇ ಜಾಕಿಗೆ ಇಯರ್‌ಫೋನ್ ಸಿಕ್ಕಿಸಿ ಪ್ಲೇ ಒತ್ತಿದರೆ ಸದ್ದು ಪೂರ್ತಿ ಜೋರಲ್ಲೇ ಬರುತ್ತದೆ. ಮೊದಲು ಕಿವಿಗೆ ಹಾಕಬೇಡಿ, ಕೈಯಲ್ಲಿ ಹಿಡಿದು ನೋಡಿ.

ರೆಕಾರ್ಡ್ ಮಾಡುವಾಗ ಕೇಳಿಸಿಕೊಳ್ಳಲು ಎಂಡಿಆರ್-7506. ಮುಚ್ಚಿದ ಹೆಡ್‌ಫೋನೇ ಬೇಕು, ಇಲ್ಲದಿದ್ದರೆ ಹೆಡ್‌ಫೋನಿನ ಸದ್ದು ಮತ್ತೆ ಮೈಕಿಗೆ ಹೋಗುತ್ತದೆ. ತಂಬೂರಿ ಶ್ರುತಿಯಲ್ಲಿ ಸಣ್ಣ ಕರಕರ ಇದ್ದರೂ ಅದರಲ್ಲಿ ಗೊತ್ತಾಗಿಬಿಡುತ್ತದೆ.

ಬೆಸುಗೆ (ಮಂಡ್ಯ)

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪೋರ್ಟಬಲ್ ಮಿನಿಡಿಸ್ಕಿನ ಲೈನ್ ಔಟ್ ಅಂದರೆ ಮನೆಯ ಸಿಡಿ ಪ್ಲೇಯರಿನ 2 ವೋಲ್ಟ್ ಲೈನ್ ಔಟ್ ಅಲ್ಲ. ಎಷ್ಟೋ ಕಡಿಮೆ. ಆದ್ದರಿಂದ ಆಂಪಿನಲ್ಲಿ ಗೇನ್ (ಒಳಬಂದ ವೋಲ್ಟನ್ನು ಇಷ್ಟು ಪಟ್ಟು ಅಂತ ಏರಿಸುವುದು) ಇರಲೇಬೇಕು. ಗೇನ್ ಇಲ್ಲದ ಬಫರ್ ತರಹದ ಆಂಪ್ ತಗೊಂಡರೆ ಸದ್ದು ಎಲ್ಲಿತ್ತೋ ಅಲ್ಲೇ ಇರುತ್ತದೆ, ದುಡ್ಡು ಹೋಯಿತು.

ಲೈನ್ ಔಟ್ ಇಲ್ಲದ ಇ-ಸರಣಿಯವರು ಹೆಡ್‌ಫೋನ್ ಜಾಕಿನಿಂದಲೇ ಆಂಪಿಗೆ ಕೊಡಬಹುದು. ಡಬಲ್ ಆಂಪಿಂಗ್ ಪಾಪ ಅಂತ ಬರೆಯುವವರಿದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ. ಆಂಪಿನ ಇನ್‌ಪುಟ್ ಹತ್ತು ಸಾವಿರ ಓಮ್ ಇದ್ದರೆ ಪ್ಲೇಯರಿನ ಪುಟ್ಟ ಆಂಪಿಗೆ ಹೊರೆಯೇ ಇಲ್ಲ, ಆರಾಮಾಗಿ ಕೂತಿರುತ್ತದೆ. ಪ್ಲೇಯರ್ ವಾಲ್ಯೂಮ್ ಮೇಲಿನಿಂದ ನಾಲ್ಕೈದು ಹೆಜ್ಜೆ ಕೆಳಗಿಟ್ಟು, ಉಳಿದದ್ದು ಆಂಪಿನಲ್ಲಿ ತಿರುಗಿಸಿ. ಪ್ಲೇಯರಲ್ಲಿ ತೀರಾ ಕಡಿಮೆ ಇಟ್ಟು ಆಂಪಿನಲ್ಲಿ ಏರಿಸಿದರೆ ಸುಯ್ ಸದ್ದನ್ನೂ ಸೇರಿಸಿ ಏರಿಸಿದಂತೆ.

ಚಾಮುಂಡಿ ಮೆಟ್ಟಿಲು

ನನ್ನ ಪಾನಸಾನಿಕ್ ಪ್ಲೇಯರಿನಲ್ಲಿ ಸದ್ದು ಬೇಕಾದಷ್ಟಿದೆ, ಆದರೆ ಕೆಳಗಿನ ಬಾಸ್ ಇಲ್ಲ. ಅದೇ 16 ಓಮ್ ಇಯರ್‌ಬಡ್ ಲ್ಯಾಪ್‌ಟಾಪಿಗೆ ಹಾಕಿದರೆ ಇದೆ. ಮಿನಿಡಿಸ್ಕಿನ ಕಂಪ್ರೆಷನ್ ತೊಂದರೆನಾ?

ಬೆಸುಗೆ (ಮಂಡ್ಯ)

ಅಟ್ರಾಕ್ ಅಂದರೆ ಮಿನಿಡಿಸ್ಕಿನ ಕಂಪ್ರೆಷನ್, ಅದರ ಮೇಲೆ ಗೂಬೆ ಕೂರಿಸಬೇಡಿ. ಬಾಸ್ ಹೋಗಿರುವುದು ಜಾಕಿನ ಹಿಂದೆ. ಆ ಕಾಲದ ಬಹಳಷ್ಟು ಪೋರ್ಟಬಲ್ ಪ್ಲೇಯರುಗಳಲ್ಲಿ ಹೆಡ್‌ಫೋನಿಗೆ ಡಿಸಿ ಹೋಗದಿರಲಿ ಅಂತ ಔಟ್‌ಪುಟ್ಟಿನಲ್ಲಿ ಒಂದೊಂದು ಕೆಪಾಸಿಟರ್ ಇರುತ್ತದೆ. ಆ ಕೆಪಾಸಿಟರೂ ನಿಮ್ಮ ಹೆಡ್‌ಫೋನಿನ ಓಮೂ ಸೇರಿ ಒಂದು ಫಿಲ್ಟರ್ ಆಗುತ್ತದೆ, ಕೆಳಗಿನ ಸ್ವರ ಕತ್ತರಿಸುತ್ತದೆ. ಓಮ್ ಕಡಿಮೆ ಆದಷ್ಟೂ ಜಾಸ್ತಿ ಕತ್ತರಿಸುತ್ತದೆ. 220 ಮೈಕ್ರೋಫ್ಯಾರಡ್ ಕೆಪಾಸಿಟರ್, 16 ಓಮ್ ಇಯರ್‌ಬಡ್ ಅಂದರೆ 45 ಹರ್ಟ್ಸಿನಿಂದ ಕೆಳಗೆ ಇಳಿಜಾರು. ತೆಳ್ಳಗಿನ ಯಂತ್ರದೊಳಗೆ ಜಾಗ ಇಲ್ಲ ಅಂತ 100 ಮೈಕ್ರೋಫ್ಯಾರಡ್ ಹಾಕಿದ್ದರೆ ಅದೇ ಇಯರ್‌ಬಡ್‌ಗೆ 100 ಹರ್ಟ್ಸ್ ಹತ್ತಿರವೇ ಇಳಿಜಾರು ಶುರು. ಮೃದಂಗದ ಎಡಗಡೆ ಅಲ್ಲೇ ಎಲ್ಲೋ ಇರುವುದು. ಅದೇ ಜಾಕಿಗೆ 60 ಓಮಿನ ಪೋರ್ಟಾ ಪ್ರೊ ಹಾಕಿದರೆ 27 ಹರ್ಟ್ಸ್, ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ.

ಮಾವ ಮೇಲೆ "ಪ್ಲೇಯರುಗಳು ತೆಳುವಾಗಿ ಹಾಡುತ್ತವೆ" ಅಂದರಲ್ಲ, ಅದು ಹೆಡ್‌ಫೋನ್ ನೋಡಿ ಹೇಳಬೇಕಾದ ಮಾತು. ಪ್ಲೇಯರ್ ಒಳಗಿನ ಸದ್ದು ತೆಳು ಇಲ್ಲ. 16 ಓಮ್ ಹಾಕಿದಾಗ ತೆಳು ಆಗುತ್ತದೆ.

ಡಿಸ್ಕ್ ಮಾವ (ಸರಸ್ವತಿಪುರಂ)

ಇರಬಹುದು. ಆದರೆ ಸೋನಿಯವರೇ ಜೊತೆಗೆ ಕೊಡುತ್ತಿದ್ದ ಇಯರ್‌ಬಡ್‌ಗಳು 16 ಓಮ್ ತಾನೇ? ಬಾಸ್ ಹೋಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವಾ?

ಬೆಸುಗೆ (ಮಂಡ್ಯ)

ಅದಕ್ಕೇ ಮೆಗಾ ಬಾಸ್ ಗುಂಡಿ ಕೊಟ್ಟಿದ್ದು ಅಂತ ನನ್ನ ಗುಮಾನಿ.

ಬಲ್ಬ್ ಆಂಪ್

ಇಷ್ಟೆಲ್ಲ ಲೆಕ್ಕ ಬಿಡಿ, ಕಿವಿ ನಂಬಿ. ನಾನು ಎಂಝಡ್-ಆರ್‌ಎಚ್1ಗೆ ಟ್ಯೂಬ್ ಆಂಪ್ ಹಾಕಿದ್ದೇನೆ. ವೀಣೆ ನಾದ ಜೇನು ಸುರಿದ ಹಾಗೆ ಬರುತ್ತದೆ. ಆಂಪ್ ಇಲ್ಲದೆ ಸಪ್ಪೆ. ಯಾವ ಹೆಡ್‌ಫೋನಿಗಾದರೂ ಆಂಪ್ ಹಾಕಿದರೆ ಒಂದು ಮೆಟ್ಟಿಲು ಮೇಲೇರುತ್ತದೆ, ಪೋರ್ಟಾ ಪ್ರೊಗೂ ಸೇರಿ.

ಬೆಸುಗೆ (ಮಂಡ್ಯ)

ಟ್ಯೂಬ್ ಇಷ್ಟ ಆದರೆ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಕೆಲಸ ಮಾಡಿ ನೋಡಿ. ಆಂಪ್ ಇದ್ದಾಗಲೂ ಇಲ್ಲದಾಗಲೂ ಸದ್ದು ಒಂದೇ ಮಟ್ಟಕ್ಕೆ ತನ್ನಿ, ಬೇರೆಯವರ ಕೈಯಲ್ಲಿ ವೈರು ಬದಲಾಯಿಸಿ, ನೀವು ಕಣ್ಣು ಮುಚ್ಚಿ ಹೇಳಿ. ಒಂದೆರಡು ಡೆಸಿಬಲ್ ಜೋರಾದರೂ ಸಾಕು, ಕಿವಿ ಅದನ್ನು ಚೆನ್ನಾಗಿದೆ ಅಂದುಕೊಳ್ಳುತ್ತದೆ. ಪೋರ್ಟಾ ಪ್ರೊನಂಥ ಸುಲಭದ ಹೆಡ್‌ಫೋನಿನಲ್ಲಿ ಸದ್ದು ಸಮ ಮಾಡಿದ ಮೇಲೂ ವ್ಯತ್ಯಾಸ ಹೇಳಿದವರನ್ನು ನಾನು ನೋಡಿಲ್ಲ. 16 ಓಮಿನದ್ದರಲ್ಲಿ ಗೊತ್ತಾಗುತ್ತದೆ, ಕಾರಣ ಮೇಲೆ ಬರೆದ ಕೆಪಾಸಿಟರ್.

ಬಲ್ಬ್ ಆಂಪ್

ಸಂಗೀತ ಕೇಳೋಕೆ ಕೂರುತ್ತೀರಾ, ಪರೀಕ್ಷೆ ಬರೆಯೋಕಾ ಸ್ವಾಮಿ?

ಸುಮ್ನೆ ಕೇಳ್ದೆ

ಪಾಪ್‌ಕಾರ್ನ್ ತಂದಿದ್ದೇನೆ, ಮುಂದುವರಿಸಿ. ಇನ್ನೊಂದು ಸುಮ್ನೆ ಕೇಳುವುದು: ಮಿನಿಡಿಸ್ಕೇ ಕಂಪ್ರೆಸ್ ಮಾಡಿದ ಸದ್ದು ಅಂತೀರಿ, ಅದಕ್ಕೆ ಇಷ್ಟು ದುಬಾರಿ ಹೆಡ್‌ಫೋನ್ ಬೇಕಾ?

ತಂಬೂರಿ ತಂತಿ (ಮೈಸೂರು)

ಯಾವ ಮೋಡಿನಲ್ಲಿ ರೆಕಾರ್ಡ್ ಆಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಹಳೇ ಎಸ್‌ಪಿ ಮೋಡ್ ಅಂದರೆ ಸೆಕೆಂಡಿಗೆ 292 ಕಿಲೋಬಿಟ್. ನಾನು ಅದನ್ನೂ ಸಿಡಿಯನ್ನೂ ಹಾಕಿ ಹಾಕಿ ಕೇಳಿದ್ದೇನೆ, ವೀಣೆ ಮೀಟಿನಲ್ಲಿ ತಪ್ಪು ಹುಡುಕುವುದು ಕಷ್ಟ. 2000ದಲ್ಲಿ ಎಂಡಿಎಲ್‌ಪಿ (ಒಂದೇ ಡಿಸ್ಕಿನಲ್ಲಿ ಹೆಚ್ಚು ಹೊತ್ತು ತುಂಬುವ ಮೋಡುಗಳು) ಬಂದಾಗ ಎಲ್‌ಪಿ2 132 ಕಿಲೋಬಿಟ್, ಎಲ್‌ಪಿ4 66. ಎಲ್‌ಪಿ2 ಬಸ್ಸಿನಲ್ಲಿ ನಡೆಯುತ್ತದೆ. ಎಲ್‌ಪಿ4ನಲ್ಲಿ ತಂಬೂರಿ ನೀರೊಳಗಿಂದ ಬಂದಂತೆ ಸುತ್ತುತ್ತಿರುತ್ತದೆ. ಎಚ್‌ಡಿ 600 ಅದನ್ನು ಮುಚ್ಚಿಡುವುದಿಲ್ಲ, ಎತ್ತಿ ತೋರಿಸುತ್ತದೆ. ಒಂಟಿಕೊಪ್ಪಲಿನವರು ಚಿಕ್ಕಪ್ಪನ ಡಿಸ್ಕುಗಳು ಯಾವ ಮೋಡ್ ಅಂತ ಮೊದಲು ನೋಡಿ. ರಿಮೋಟ್‌ನ ಪರದೆಯಲ್ಲಿ ಬರುತ್ತದೆ.

ಒಂಟಿಕೊಪ್ಪಲ್ ಹುಡುಗ (ಮೈಸೂರು)

ನೋಡಿದೆ ಮೇಡಂ. ಕಚೇರಿಗಳೆಲ್ಲ ಎಸ್‌ಪಿ, ಬಚಾವ್. ಸಿನಿಮಾ ಹಾಡು ಎಲ್‌ಪಿ4, ಒಂದೊಂದು ಡಿಸ್ಕಿನಲ್ಲಿ ಐದು ಗಂಟೆ ತುಂಬಿಸಿದ್ದಾರೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದರೆ "ಆಗ ಡಿಸ್ಕಿಗೆ ಎಷ್ಟು ಕೊಡಬೇಕಿತ್ತು ಗೊತ್ತೇನೋ" ಅಂದರು.

ಈಗ ಆ ಸುಯ್ ಸದ್ದಿನ ಬಗ್ಗೆ ಯಾರಾದರೂ ಹೇಳಿ. ಚು ಇಯರ್‌ಫೋನಿನದು. ಅದಕ್ಕೂ ಆಂಪ್ ಹಾಕಿದರೆ ಹೋಗುತ್ತದಾ?

ಬೆಸುಗೆ (ಮಂಡ್ಯ)

ಮೊದಲು ಸುಯ್ ಎಲ್ಲಿಂದ ಬರುತ್ತಿದೆ ನೋಡಿ. ವಾಲ್ಯೂಮ್ ಇಳಿಸಿದಾಗ ಸುಯ್ ಕೂಡ ಇಳಿದರೆ ಅದು ರೆಕಾರ್ಡಿಂಗ್‌ನದೇ, ಕ್ಯಾಸೆಟ್‌ನಿಂದ ಇಳಿಸಿದ್ದಿರಬಹುದು. ವಾಲ್ಯೂಮ್ ಸೊನ್ನೆ ಮಾಡಿದರೂ ಅಷ್ಟೇ ಇದ್ದರೆ ಪ್ಲೇಯರಿನ ಔಟ್‌ಪುಟ್ಟಿನದು.

ಎರಡನೆಯದಾದರೆ ಆಂಪ್ ಬೇಡ. ಅದಕ್ಕೆ ಉಲ್ಟಾ ಬೇಕು. ಚು ಒಂದು ವೋಲ್ಟಿಗೆ 120 ಡೆಸಿಬಲ್, ಇರುವೆ ನಡೆದರೂ ಕೇಳಿಸುತ್ತದೆ. ಎರಡು 75 ಓಮ್ ರೆಸಿಸ್ಟರ್ ತಗೊಂಡು ಎಡಕ್ಕೊಂದು ಬಲಕ್ಕೊಂದು ಸೀರೀಸ್‌ನಲ್ಲಿ ಹಾಕಿ. ಚು 28 ಓಮ್, ಹಾಗಾಗಿ ಸದ್ದು ಸುಯ್ ಎರಡೂ 11 ಡೆಸಿಬಲ್ ಕೆಳಗಿಳಿಯುತ್ತವೆ. ಆಮೇಲೆ ನೀವು ವಾಲ್ಯೂಮ್ ಏರಿಸಿಕೊಂಡಾಗ ಹಾಡು ಮಾತ್ರ ಮೇಲೆ ಬರುತ್ತದೆ, ಸುಯ್ ಅಲ್ಲೇ ಕೆಳಗೆ ಉಳಿಯುತ್ತದೆ. ಆಗಲೂ 98 ಡೆಸಿಬಲ್ ತನಕ ಹೋಗಬಹುದು, ಸಾಲದಾ? ಇನ್ನೊಂದು ಲಾಭ ಇದೆ. ಪ್ಲೇಯರಿನ ಕೆಪಾಸಿಟರಿಗೆ ಈಗ ಕಾಣುವುದು 28 ಓಮ್ ಅಲ್ಲ, 103. ಬಾಸ್ ಕತ್ತರಿಸುವ ಜಾಗ 100 ಮೈಕ್ರೋಫ್ಯಾರಡ್ ಇದ್ದರೂ 15 ಹರ್ಟ್ಸಿಗೆ ಇಳಿಯುತ್ತದೆ. ಮೆಟ್ಟಿಲಿನವರೂ ಇದನ್ನೇ ಮಾಡಬಹುದು, ಅವರ 16 ಓಮ್ ಇಯರ್‌ಬಡ್ ತೀರಾ ಮೆಲ್ಲಗಾಗುತ್ತದೆ ಅನ್ನಿಸಿದರೆ 33 ಓಮ್ ಹಾಕಲಿ. ಎರಡು ರೂಪಾಯಿಯ ರೆಸಿಸ್ಟರು, ಒಂದು ಜಾಕು, ಒಂದು ಸಾಕೆಟ್ಟು. ಇಟಿಮೋಟಿಕ್ ಕಂಪನಿ ಇಆರ್-4ಪಿಗೆ ಇದೇ 75 ಓಮಿನ ಅಡಾಪ್ಟರ್ ಮಾರುತ್ತಿತ್ತು.

ಒಂದು ಎಚ್ಚರಿಕೆ. ಚುನಲ್ಲಿ ಒಂದೇ ಡೈನಾಮಿಕ್ ಡ್ರೈವರ್, ಅದಕ್ಕೆ ಏನೂ ಆಗುವುದಿಲ್ಲ. ಒಳಗೆ ಮೂರು ನಾಲ್ಕು ಬ್ಯಾಲೆನ್ಸ್ಡ್ ಆರ್ಮೇಚರ್ (ಬೇರೆ ಬಗೆಯ ಪುಟ್ಟ ಡ್ರೈವರ್) ಇರುವ ಇಯರ್‌ಫೋನಿಗೆ ಹೀಗೆ ಹಾಕಬೇಡಿ, ಅವುಗಳ ಓಮ್ ಸ್ವರಕ್ಕೊಂದು ಥರ ಇರುತ್ತದೆ, ಬಣ್ಣವೇ ಬದಲಾಗಿಬಿಡುತ್ತದೆ.

ಚಾಮುಂಡಿ ಮೆಟ್ಟಿಲು

ಸರಿ ಸರ್, ಮಾಡಿಸುತ್ತೇನೆ. ಜೊತೆಗೆ ಇದೊಂದು ಹೇಳಿ. ನನ್ನ ಹೆಂಡತಿಯ ಮೈಕ್ ಇರುವ ಇಯರ್‌ಫೋನ್ ಹಾಕಿದರೆ ಹಾಡುವವರ ದನಿಯೇ ಮಾಯ, ಪಿಟೀಲು ಮಾತ್ರ ದೂರದಲ್ಲಿ ಕೇಳುತ್ತದೆ. ಪ್ಲೇಯರ್ ಕೆಟ್ಟಿತಾ?

ಡಿಸ್ಕ್ ಮಾವ (ಸರಸ್ವತಿಪುರಂ)

ಮೈಕಿನ ಗುಂಡಿ ಒತ್ತಿ ಹಿಡಿದು ನೋಡಿ. ದನಿ ವಾಪಸ್ ಬರುತ್ತದೆ. ಅದರ ಪ್ಲಗ್ಗಿನಲ್ಲಿ ನಾಲ್ಕು ಭಾಗ, ಹಳೇ ಸಾಕೆಟ್ಟಿಗೆ ಗೊತ್ತಿರುವುದು ಮೂರು. ಗ್ರೌಂಡ್ ಸಿಗಬೇಕಾದ ಜಾಗದಲ್ಲಿ ಮೈಕು ಕೂತಿದೆ. ಎಡ ಬಲ ಎರಡರಲ್ಲೂ ಒಂದೇ ಥರ ಇರುವ ಸದ್ದು ಕಳೆದುಹೋಗುತ್ತದೆ, ಗಾಯಕರು ಯಾವಾಗಲೂ ನಡುವಿನಲ್ಲಿ ತಾನೇ. ಪ್ಲಗ್ಗನ್ನು ಕೂದಲೆಳೆಯಷ್ಟು ಹೊರಗೆಳೆದರೆ ಕೆಲವು ಸಲ ಸರಿಯಾಗುತ್ತದೆ. ಮೈಕ್ ಇಲ್ಲದ್ದು ಬಳಸುವುದೇ ವಾಸಿ. ಸೋನಿ ರಿಮೋಟಿನ ಸಾಕೆಟ್ಟಿನಲ್ಲೂ ಇದೇ ಗೋಳು.

ಒಂಟಿಕೊಪ್ಪಲ್ ಹುಡುಗ (ಮೈಸೂರು)

ಸೊನ್ನೆ ವಾಲ್ಯೂಮಿನಲ್ಲೂ ಸುಯ್ ಇದೆ. ಹಾಗಾದರೆ ರೆಸಿಸ್ಟರ್ ಹಾಕಿಸುತ್ತೇನೆ. ಎಚ್‌ಡಿ 600ಗೆ ಮಾತ್ರ ಆಂಪ್ ಬೇಕೇ ಬೇಕು ಅನ್ನಿಸುತ್ತದೆ, ಮನೆಯಲ್ಲಿ ಕೂತು ಕೇಳೋಕೆ. ಯಾವುದು?

ಬೆಸುಗೆ (ಮಂಡ್ಯ)

ಕೊಳ್ಳುವುದಾದರೆ ಅನಲಾಗ್ ಇನ್‌ಪುಟ್ ಇರುವ ಫಿಯೋ, ಟಾಪಿಂಗ್‌ನ ಚಿಕ್ಕ ಆಂಪ್ ಯಾವುದಾದರೂ ಸೆಕೆಂಡ್ ಹ್ಯಾಂಡ್ ಹುಡುಕಿ. ಎರಡು 9 ವೋಲ್ಟ್ ಬ್ಯಾಟರಿ ಹಾಕುವ ಓ2 ಅಂತ ಒಂದಿದೆ, 2011ರಲ್ಲಿ ಅದರ ನಕ್ಷೆ ಎಲ್ಲರಿಗೂ ಬಿಟ್ಟಿ ಕೊಟ್ಟರು. ಸಿಕ್ಕರೆ ಬಿಡಬೇಡಿ, ಸೈಜು ಮಾತ್ರ ದೊಡ್ಡದು.

ಮಾಡಿಕೊಳ್ಳುವುದಾದರೆ ಸಿಮಾಯ್. ಚು ಮಾಯ್ ಅನ್ನುವವರು 1998ರ ಹೊತ್ತಿಗೆ ಹಂಚಿಕೊಂಡ ಸರ್ಕ್ಯೂಟ್. ಒಂದು ಓಪಿಎ2134 ಚಿಪ್, ಒಂದು 9 ವೋಲ್ಟ್ ಬ್ಯಾಟರಿ, ಒಂದು ಹಿಡಿ ರೆಸಿಸ್ಟರ್ ಕೆಪಾಸಿಟರ್. ಮೂಲದಲ್ಲಿ ಗೇನ್ 11, ಮಿನಿಡಿಸ್ಕಿನ ಹೆಡ್‌ಫೋನ್ ಜಾಕಿಗೆ ಅಷ್ಟು ಬೇಡ, ವಾಲ್ಯೂಮ್ ತಿರುಗಿಸುವ ಮೊದಲೇ ಜೋರಾಗುತ್ತದೆ. ಫೀಡ್‌ಬ್ಯಾಕಿನಲ್ಲಿ 4.7 ಕೆ, ನೆಲಕ್ಕೆ 1 ಕೆ ಹಾಕಿದರೆ ಗೇನ್ 5.7. ನಿಮ್ಮ 0.28 ವೋಲ್ಟ್ 1.6 ಆಗುತ್ತದೆ, ಎಚ್‌ಡಿ 600 86ರಿಂದ 101ಕ್ಕೆ ಏರುತ್ತದೆ. ಅಮೆರಿಕದಲ್ಲಿ ಇದನ್ನು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕೂರಿಸುತ್ತಾರೆ, ನಾನು ಕೂರಿಸುವುದು ಮಗಳ ಹಳೇ ಜಾಮಿಟ್ರಿ ಬಾಕ್ಸಿನಲ್ಲಿ. ತಗಡು ಇರುವುದರಿಂದ ಪಕ್ಕದಲ್ಲಿ ಫೋನಿದ್ದರೂ ಗುರ್ ಅನ್ನುವುದಿಲ್ಲ. ಚಿಪ್ ಮಾತ್ರ ನಂಬಿಕೆಯ ಕಡೆಯಿಂದ ತಗೊಳ್ಳಿ, ಓಪಿಎ2134 ನಕಲಿ ಜಾಸ್ತಿ. ನಾನು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಉಳಿದದ್ದೆಲ್ಲ ಅಲ್ಲೇ ತರುತ್ತೇನೆ, ಚಿಪ್ ಆನ್‌ಲೈನ್‌ನಲ್ಲಿ ಅಧಿಕೃತ ಮಾರಾಟಗಾರರಿಂದ ತರಿಸುತ್ತೇನೆ.

ಭಾನುವಾರ ಮೈಸೂರಿಗೆ ಮದುವೆಗೆ ಬರುತ್ತಿದ್ದೇನೆ. ಒಂದು ಡಬ್ಬಿ ತರುತ್ತೇನೆ, ಕೇಳಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಬಲ್ಬ್ ಆಂಪ್

ನಾನೂ ಬರಲಾ? ಟ್ಯೂಬ್ ಆಂಪ್ ತರುತ್ತೇನೆ. ನಿಮ್ಮ ಕಣ್ಣು ಮುಚ್ಚುವ ಪರೀಕ್ಷೆಗೂ ಸೈ.

ಒಂಟಿಕೊಪ್ಪಲ್ ಹುಡುಗ (ಮೈಸೂರು)

ಭಾನುವಾರದ ವರದಿ. ಬೆಸುಗೆ ಸರ್, ಬಲ್ಬ್ ಸರ್, ಮಾವ, ಮೂರೂ ಜನ ಬಂದಿದ್ದರು. ಅಮ್ಮ ಕಾಫಿ ಕೊಟ್ಟು "ಇಷ್ಟು ಜನ ಸೇರಿ ಒಬ್ಬೊಬ್ಬರೇ ಹಾಡು ಕೇಳುತ್ತೀರಲ್ಲ" ಅಂತ ನಕ್ಕರು.

ಎಚ್‌ಡಿ 600 ಜಾಮಿಟ್ರಿ ಬಾಕ್ಸಿಗೆ ಹಾಕಿದ ತಕ್ಷಣ ಗೊತ್ತಾಯಿತು. ಫ್ಯಾನ್ ಮೂರರಲ್ಲಿದ್ದರೂ ತಂಬೂರಿ ಕೇಳುತ್ತಿತ್ತು, ಆಂಪಿನ ವಾಲ್ಯೂಮ್ ಅರ್ಧ ದಾಟಿಸಬೇಕಾಗಲಿಲ್ಲ. ಟ್ಯೂಬ್ ಆಂಪಿನಲ್ಲೂ ಚೆನ್ನಾಗಿತ್ತು. ಸದ್ದು ಸಮ ಮಾಡಿ ಕಣ್ಣು ಮುಚ್ಚಿದಾಗ ನನಗೆ ಎರಡರ ನಡುವೆ ಹೇಳೋಕೆ ಆಗಲಿಲ್ಲ, ಬಲ್ಬ್ ಸರ್ ಮಾತ್ರ ತಮ್ಮ ಆಂಪನ್ನು ಹೆಚ್ಚು ಸಲ ಗುರುತಿಸಿದರು. ಅದು ಹಿಂದೆ ಸಣ್ಣಗೆ ಗುಂಯ್ ಅನ್ನುವುದನ್ನು ಕೇಳಿ ಗುರುತಿಸಿದ್ದು ಅಂತ ಬೆಸುಗೆ ಸರ್ ವಾದ. ಅದು ಇನ್ನೂ ಮುಗಿದಿಲ್ಲ, ಅವರಿಬ್ಬರಿಗೆ ಬಿಟ್ಟಿದ್ದೇನೆ.

ಮಾವ ತಂದಿದ್ದ ಪೋರ್ಟಾ ಪ್ರೊ ನೇರವಾಗಿ ಹಾಕಿ ಕೇಳಿದೆ. ನಿಜ ಹೇಳಬೇಕೆಂದರೆ ಹೊರಗೆ ಹೋಗುವಾಗ ಅದೇ ಸಾಕು. ಚುಗೆ 75 ಓಮ್ ವೈರು ಅಲ್ಲೇ ಸೋಲ್ಡರ್ ಮಾಡಿಕೊಟ್ಟರು, ಸುಯ್ ಹೋಯಿತು ಅನ್ನುವಷ್ಟು ಕಡಿಮೆಯಾಗಿದೆ. ಜಾಮಿಟ್ರಿ ಬಾಕ್ಸ್ ನಾನೇ ಇಟ್ಟುಕೊಂಡೆ. ದುಡ್ಡು ಬೇಡ ಅಂದರು, ಬಲವಂತವಾಗಿ ಕೊಟ್ಟೆ.

ಡಿಸ್ಕ್ ಮಾವ (ಸರಸ್ವತಿಪುರಂ)

ಖಾಲಿ ಡಿಸ್ಕ್ ಇದ್ದರೆ ಜೋಪಾನ ಮಾಡಿ. ಸೋನಿಯವರು 2025ರ ಫೆಬ್ರವರಿಯಲ್ಲಿ ತಯಾರಿಕೆ ನಿಲ್ಲಿಸಿದರು. ಆ ಎಲ್‌ಪಿ4 ಸಿನಿಮಾ ಹಾಡಿನ ಡಿಸ್ಕುಗಳು ಬೇಡ ಅಂದರೆ ಬಿಸಾಡಬೇಡಿ, ಮತ್ತೆ ಮತ್ತೆ ಬರೆಯಬಹುದು, ನನ್ನ ಹತ್ತಿರ ರೆಕಾರ್ಡರ್ ಇದೆ, ಎಸ್‌ಪಿ ಮಾಡಿಕೊಡುತ್ತೇನೆ.

ಒಂಟಿಕೊಪ್ಪಲ್ ಹುಡುಗ (ಮೈಸೂರು)

ಚಿಕ್ಕಪ್ಪನನ್ನು ಕೇಳಿ ಹೇಳುತ್ತೇನೆ ಮಾವ. ಬೆಸುಗೆ ಸರ್, ಕೊನೇ ಪ್ರಶ್ನೆ: 9 ವೋಲ್ಟ್ ಬ್ಯಾಟರಿ ರೀಚಾರ್ಜ್ ಆಗುವಂಥದ್ದು ಹಾಕಬಹುದಾ? ಪ್ರತಿ ಸಲ ಹೊಸದು ತರೋಕೆ ಆಗಲ್ಲ.

ಬೆಸುಗೆ (ಮಂಡ್ಯ)

ಹಾಕಬಹುದು. ನಿಕಲ್ ಮೆಟಲ್ ಹೈಡ್ರೈಡ್‌ನದು ತಗೊಳ್ಳಿ. ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಕೆಲವು 7.2, ಕೆಲವು 8.4, ನೀವು 8.4ರದ್ದು ಕೇಳಿ ತಗೊಳ್ಳಿ. ಒಳಗೆ ಲಿಥಿಯಂ ಇಟ್ಟು ಯುಎಸ್‌ಬಿಯಲ್ಲಿ ಚಾರ್ಜ್ ಆಗುವ 9 ವೋಲ್ಟ್ ಬ್ಯಾಟರಿ ಬೇಡ, ಅದರೊಳಗಿನ ಕನ್ವರ್ಟರ್ ಸದ್ದು ಮಾಡಿದರೆ ಮತ್ತೆ ಸುಯ್ ಅಂತ ಇಲ್ಲೇ ಬಂದು ಬರೆಯುತ್ತೀರಿ. ಚಾರ್ಜ್ ಮಾಡುವಾಗ ಬ್ಯಾಟರಿ ಹೊರಗೆ ತೆಗೆಯಿರಿ. ಕೇಳಿ ಮುಗಿದ ಮೇಲೆ ಸ್ವಿಚ್ ಆಫ್ ಮಾಡುವುದು ಮರೆಯಬೇಡಿ, ಅದಕ್ಕೆ ನಾನು ಎಲ್‌ಇಡಿ ಹಾಕಿಲ್ಲ.